ಕುಳಿತೇಳುವ ವಿದ್ಯೆ

ಕಳೆದ ಶ್ರಾವಣದ ಒಂದು ಸೋಮವಾರ ಆರ್.ಟಿ. ನಗರದ ಬಂಧುಗಳ ಮನೆಯಲ್ಲಿ ಇಷ್ಟಲಿಂಗ ಪೂಜೆಯೂ ಪ್ರಸಾದವೂ ಏರ್ಪಾಡಾಗಿದ್ದವು. ಹತ್ತು ಹನ್ನೆರಡು ಮಂದಿ ಜಮಖಾನದ ಮೇಲೆ ಸಾಲಾಗಿ ಕುಳಿತೆವು. ಪೂಜೆ ಮುಗಿಯಿತು, ಪ್ರಸಾದವಾಯಿತು. ಕೈತೊಳೆಯಲು ಏಳಬೇಕೆಂದಾಗ ನನ್ನ ಕಾಲು ಮಾತು ಕೇಳಲಿಲ್ಲ. ಎಡಗೈ ನೆಲಕ್ಕೆ ಊರಿದೆ, ಬಲಗೈ ಮಂಡಿಗೆ ಕೊಟ್ಟೆ. ಅದೂ ಸಾಲದೆ ಪಕ್ಕದಲ್ಲಿದ್ದ ಹುಡುಗನ ಹೆಗಲು ಹಿಡಿದು ಎದ್ದೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಪೂಜೆಗೆ, ಪಾಠಕ್ಕೆ, ಪಂಕ್ತಿಗೆಂದು ದಿನಕ್ಕೆ ಹತ್ತಾರು ಸಲ ನೆಲಕ್ಕೆ ಕುಳಿತು ಎದ್ದ ದೇಹವಿದು. ಅರವತ್ತಾರನೆಯ ವಯಸ್ಸಿಗೆ ಆ ವಿದ್ಯೆಯನ್ನು ಯಾವಾಗ ಮರೆಯಿತೆಂಬುದು ನನಗೇ ತಿಳಿಯದೆ ಹೋಯಿತು.

ಆ ಮನೆಯ ಹಿರಿಯಜ್ಜಿ ಪಂಕ್ತಿಯಲ್ಲಿರಲಿಲ್ಲ. ಎಂಬತ್ತು ತುಂಬಿದವರು, ಒಳಕೋಣೆಯ ಮಂಚದ ಮೇಲೆ ಕುಳಿತಿದ್ದರು. ನಮಸ್ಕರಿಸಿ ಯೋಗಕ್ಷೇಮ ವಿಚಾರಿಸಿದಾಗ ತಾವು ಎರಡು ವರ್ಷಗಳಿಂದ ಪೂಜೆಗೆ ಕುಳಿತೇ ಇಲ್ಲವೆಂದರು. “ಕೂತ್ರೆ ಏಳೋಕಾಗಲ್ಲ ಅಯ್ನೋರೇ. ಕುರ್ಚಿ ಮೇಲೆ ಕಾಲು ಇಳಿಬಿಟ್ಕೊಂಡು ಲಿಂಗಪ್ಪನ್ನ ಅಂಗೈಗೆ ತಗೊಳ್ಳೋಕೆ ಮನಸ್ಸು ಒಪ್ಪಲ್ಲ. ಕೊರಳಲ್ಲೇ ಇರಲಿ ಅಂತ ಬಿಟ್ಟಿದ್ದೀನಿ.” ವಿಭೂತಿ ಧರಿಸುತ್ತಾರೆ, ಷಡಕ್ಷರಿಯನ್ನು ಜಪಿಸುತ್ತಾರೆ, ಕರಸ್ಥಲದ ಪೂಜೆ ಮಾತ್ರ ನಿಂತುಹೋಗಿದೆ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ನಡೆದುಬಂದ ವ್ರತವೊಂದು ತೊಡೆಯಲ್ಲಿ ಬಲವಿಲ್ಲವೆಂಬ ಕಾರಣಕ್ಕೆ ನಿಂತಿತಲ್ಲ ಎಂದು ನನಗೆ ಬಹಳ ಸಂಕಟವಾಯಿತು. ಆದ್ದರಿಂದ ಈ ಸಲದ ಅಂಕಣವನ್ನು ಶಾಸ್ತ್ರಗ್ರಂಥಗಳಿಗೆ ಮೀಸಲಿಡದೆ ಮಂಡಿಗೆ ಮೀಸಲಿಟ್ಟಿದ್ದೇನೆ.

ಅಜ್ಜಿಯ ಮೊಮ್ಮಗಳು ಫಿಜಿಯೋಥೆರಪಿ ಓದುತ್ತಿರುವ ಹುಡುಗಿ. ನಾನು ಎದ್ದ ಪರಿಯನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಊಟದ ಮನೆಯಿಂದ ತೋಳಿಲ್ಲದ ಕುರ್ಚಿಯೊಂದನ್ನು ತಂದು ಗೋಡೆಗೆ ಒರಗಿಸಿಟ್ಟು, “ತಾತಾ, ಒಂದು ಪರೀಕ್ಷೆ” ಎಂದಳು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿಯಾಗಿ ಎದ್ದು ನಿಂತು ಮತ್ತೆ ಕೂರಬಲ್ಲೆವೆಂದು ಎಣಿಸುವುದು. ಗಡಿಯಾರ ಹಿಡಿದು ಎಣಿಸಿದಳು. ನನ್ನದು ಹತ್ತಕ್ಕೆ ನಿಂತಿತು. 65ರಿಂದ 69ರ ವಯಸ್ಸಿನ ಗಂಡಸಿಗೆ ಹನ್ನೆರಡಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಂದಿದೆಯೆಂದು, ಬೀಳುವ ಅಪಾಯವಿದೆಯೆಂದು ಲೆಕ್ಕವಂತೆ. ಬಳಿಕ ಅಜ್ಜಿಯ ಸರದಿ. ಕೈಕಟ್ಟಿಕೊಂಡು ಅವರಿಗೆ ಒಂದು ಸಲವೂ ಏಳಲಾಗಲಿಲ್ಲ. ಕೈ ಊರಿ ನಾಲ್ಕು ಸಲ ಎದ್ದರು. ಆದರೆ ಕೈ ಊರಿದರೆ ಲೆಕ್ಕ ಸೊನ್ನೆ. “ನೀನು ಪಾಸು ಮಾಡೋದು ಬೇಡ ಬಿಡು” ಎಂದು ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ.

ನಾನು ನನ್ನ ಸಮರ್ಥನೆಗೆ ಒಂದು ಮಾತು ಹೇಳಿದೆ: “ನಾನು ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ದಿನವೂ ನಡೆಯುತ್ತೇನಲ್ಲಮ್ಮಾ!” ಹೆಬ್ಬಾಳದ ಕೆರೆಯಂಚಿನಲ್ಲಿ, ಯಲಹಂಕ ಉಪನಗರದ ಉದ್ಯಾನಗಳಲ್ಲಿ ನಸುಕಿಗೇ ನಡೆಯುವ ನನ್ನ ವಯಸ್ಸಿನವರೆಲ್ಲರೂ ಹೇಳುವ ಮಾತೇ ಇದು. ಅವಳ ಉತ್ತರ ನನ್ನ ಕಣ್ಣು ತೆರೆಸಿತು. ಸಮತಲದಲ್ಲಿ ನಡೆಯುವಾಗ ಮಂಡಿಯು ಹೆಚ್ಚೆಂದರೆ ಸುಮಾರು 60 ಡಿಗ್ರಿ ಮಡಿಯುತ್ತದೆ, ಅದೂ ಪಾದವು ನೆಲ ಬಿಟ್ಟು ಗಾಳಿಯಲ್ಲಿರುವಾಗ. ಕುರ್ಚಿಯಿಂದೇಳಲು ದೇಹದ ಭಾರವನ್ನು ಹೊತ್ತುಕೊಂಡೇ 90 ಡಿಗ್ರಿಯ ಸುತ್ತಿನಿಂದ ಬಿಚ್ಚಿಕೊಳ್ಳಬೇಕು. ನೆಲದಿಂದೇಳಲು ಇನ್ನೂ ಹೆಚ್ಚು. ನಡಿಗೆ ಹೃದಯಕ್ಕೆ ಹಿತ, ರಕ್ತದ ಸಕ್ಕರೆಗೆ ಹಿತ, ಮನಸ್ಸಿಗೂ ಹಿತ. ಆದರೆ ಅದು ಕಲಿಸದ ಪಾಠವನ್ನು ತೊಡೆ ಎಲ್ಲಿ ಕಲಿಯಬೇಕು?

ಈಗ ಕುಳಿತೇಳುವಾಗ ಒಳಗೆ ನಡೆಯುವುದೇನೆಂಬುದನ್ನು ನೋಡೋಣ. ಪ್ರಾಪ್ತ ವಯಸ್ಕರ ದೇಹದಲ್ಲಿ 206 ಮೂಳೆಗಳು, ಅವುಗಳನ್ನು ಚಲಿಸುವ ಆರುನೂರಕ್ಕೂ ಮಿಕ್ಕ ಸ್ನಾಯುಗಳು ಇವೆ. ಸ್ನಾಯುವಿಗೆ ತಿಳಿದಿರುವುದು ಒಂದೇ ಕೆಲಸ, ಎಳೆಯುವುದು. ಯಾವ ಸ್ನಾಯುವೂ ಮೂಳೆಯನ್ನು ತಳ್ಳಲಾರದು. ಆದ್ದರಿಂದಲೇ ಪ್ರತಿಯೊಂದು ಕೀಲಿನ ಎರಡು ಕಡೆಗೂ ಜೋಡಿಗಳಿವೆ: ಒಂದು ಮಡಿಸುತ್ತದೆ, ಎದುರಿನದು ನೀಡುತ್ತದೆ, ಒಂದು ಬಿಗಿಯುವಾಗ ಇನ್ನೊಂದು ಸಡಿಲಿಸಿ ದಾರಿ ಬಿಡುತ್ತದೆ. ಈ ಹೊಂದಾಣಿಕೆ ಕೆಟ್ಟ ಕೀಲು ಕೆಟ್ಟ ಸಂಸಾರದಂತೆ ಸದಾ ಕಿರುಗುಟ್ಟುತ್ತಿರುತ್ತದೆ.

ಮಂಡಿಯ ಮುಂಭಾಗದಲ್ಲಿ, ತೊಡೆಯ ಉದ್ದಕ್ಕೂ ಇರುವುದು ಚತುಶ್ಶಿರ ಸ್ನಾಯು. ವೈದ್ಯರು ಕ್ವಾಡ್ರಿಸೆಪ್ಸ್ ಎನ್ನುತ್ತಾರೆ. ನಾಲ್ಕು ತಲೆಗಳಾಗಿ ಹುಟ್ಟಿ, ಒಂದೇ ಹುರಿಯಾಗಿ ಮಂಡಿಚಿಪ್ಪನ್ನು ತಬ್ಬಿಕೊಂಡು, ಕೆಳಗಿನ ಮೊಳಕಾಲ ಮೂಳೆಗೆ ಅಂಟುತ್ತದೆ. ಬಾವಿಯ ರಾಟೆ ಹಗ್ಗಕ್ಕೆ ಮಾಡುವ ಉಪಕಾರವನ್ನೇ ಮಂಡಿಚಿಪ್ಪು ಈ ಸ್ನಾಯುವಿಗೆ ಮಾಡುತ್ತದೆ. ಹುರಿಯನ್ನು ಕೀಲಿನಿಂದ ತುಸು ದೂರಕ್ಕೆ ಎತ್ತಿ ಹಿಡಿದು ಸನ್ನೆಕೋಲಿನ ಬಲ ಹೆಚ್ಚಿಸುತ್ತದೆ. ನಾವು ಏಳುವಾಗ ಚತುಶ್ಶಿರ ಸ್ನಾಯು ಮಂಡಿಯನ್ನು ನೀಡಿದರೆ, ಪೃಷ್ಠದ ದೊಡ್ಡ ಸ್ನಾಯು ಸೊಂಟದ ಕೀಲನ್ನು ನೀಡುತ್ತದೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಬೆನ್ನಿಗೆ ಮೂಟೆ ಏರಿಸಿಕೊಂಡ ಹಮಾಲರು ಮಂಡಿಯನ್ನು ಸ್ವಲ್ಪ ಕುಗ್ಗಿಸಿ ಒಮ್ಮೆಗೇ ನೆಟ್ಟಗಾಗುವುದನ್ನು ನೋಡಿದವರಿಗೆ ಇವೆರಡರ ಬಲವೆಷ್ಟೆಂದು ಬೇರೆ ಹೇಳಬೇಕಿಲ್ಲ.

ಕೂರುವಾಗ ನಡೆಯುವುದು ಇನ್ನೂ ಸೂಕ್ಷ್ಮ. ಇಳಿಯುವಾಗ ಭೂಮಿಯೇ ಸೆಳೆಯುತ್ತದೆ, ಸ್ನಾಯುವಿಗೆ ಕೆಲಸವಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ನಿಜವಾಗಿ ಅದೇ ಚತುಶ್ಶಿರ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ, ತುಂಬಿದ ಕೊಡವನ್ನು ಹಗ್ಗ ಸಡಿಲಿಸುತ್ತ ಬಾವಿಗೆ ಇಳಿಬಿಟ್ಟಂತೆ. ಹಗ್ಗ ಕೈಜಾರಿದರೆ ಕೊಡ ಧೊಪ್ಪನೆ ಬೀಳುವುದು. ವಯಸ್ಸಾದವರು ಸೋಫಾಗೆ ‘ಧೊಪ್’ ಎಂದು ಕೂರುವ ಸದ್ದು ಕೇಳಿದ್ದೀರಲ್ಲ, ಅದು ಆಯಾಸದ ಸದ್ದಲ್ಲ, ಹಗ್ಗ ಜಾರಿದ ಸದ್ದು. ಮನೆಯಲ್ಲಿ ಹಿರಿಯರಿರುವವರು ಇದನ್ನು ಗಮನಿಸಿದರೆ ಮುಂದಿನ ಪತನವನ್ನು ಮುಂಚಿತವಾಗಿ ಅರಿಯಬಹುದು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಭಂಗಿಗೆಂದೇ ಎಂಬಂತೆ ದೇಹದಲ್ಲಿ ಒಂದು ಸ್ನಾಯುವಿದೆ. ಸೊಂಟದ ಹೊರ ಅಂಚಿನಲ್ಲಿ ಹುಟ್ಟಿ, ತೊಡೆಯನ್ನು ಓರೆಯಾಗಿ ದಾಟಿ, ಮಂಡಿಯ ಒಳಬದಿಯ ಕೆಳಗೆ ಸೇರುವ ಪಟ್ಟಿ ಅದು. ದೇಹದ ಅತ್ಯಂತ ಉದ್ದದ ಸ್ನಾಯು. ತೊಡೆಯನ್ನು ಮೇಲೆತ್ತುವುದು, ಹೊರಕ್ಕೆ ಸರಿಸುವುದು, ಹೊರಮುಖವಾಗಿ ತಿರುಗಿಸುವುದು, ಮಂಡಿಯನ್ನು ಮಡಿಸುವುದು ಈ ನಾಲ್ಕಕ್ಕೂ ಅದು ಕೈಗೂಡಿಸುತ್ತದೆ. ನಾಲ್ಕೂ ಸೇರಿದರೆ ಸುಖಾಸನ. ಯೂರೋಪಿನ ಶರೀರಶಾಸ್ತ್ರಜ್ಞರು ಇದನ್ನು ಸಾರ್ಟೋರಿಯಸ್ ಎಂದು ಕರೆದರು. ಲ್ಯಾಟಿನ್ ಭಾಷೆಯ ‘ಸಾರ್ಟರ್’ ಎಂದರೆ ಬಟ್ಟೆ ಹೊಲಿಯುವವನು. ಅಲ್ಲಿನ ದರ್ಜಿಗಳೂ ಹೀಗೆಯೇ ಕಾಲು ಮಡಿಸಿ ಕುಳಿತು ಹೊಲಿಯುತ್ತಿದ್ದರಂತೆ. ಇದನ್ನು ತಿಳಿದಂದು ನನಗೆ ಥಟ್ಟನೆ ನೆನಪಾದವರು ನಮ್ಮ ಸೂಜಿಕಾಯಕದ ರಾಮಿತಂದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಆ ಶರಣರಿಗೆ ಕಾಯಕದ ಭಂಗಿಯೂ ಪೂಜೆಯ ಭಂಗಿಯೂ ಒಂದೇ ಆಗಿದ್ದಿರಬೇಕು. ಮೋಳಿಗೆಯ ಮಾರಯ್ಯನವರು ಸೌದೆಯ ಹೊರೆ ಹೊತ್ತರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಚೌಡಯ್ಯನವರು ಹುಟ್ಟು ಹಾಕಿದರು, ಲಕ್ಕಮ್ಮ ಮಾರಯ್ಯ ದಂಪತಿಗಳು ಬಾಗಿ ಬಾಗಿ ಅಕ್ಕಿ ಆಯ್ದರು. ಯಾವ ಕೀಲೂ ಬಿಡುವಾಗಿರದ ಬದುಕುಗಳವು. ಅವರ ವಚನಗಳನ್ನು ಕುರಿತು ಕುರ್ಚಿಯಲ್ಲಿ ಕುಳಿತು ನಲವತ್ತು ವರ್ಷ ಉಪನ್ಯಾಸ ಮಾಡಿದ ನನ್ನಂಥವನ ತೊಡೆ ಸೊರಗಿದ್ದರಲ್ಲಿ ಆಶ್ಚರ್ಯವೇನಿದೆ!

ಇಲ್ಲೊಂದು ಮುಖ್ಯ ವಿಷಯ. ಮಂಡಿಯು ಬಹುಮಟ್ಟಿಗೆ ಬಾಗಿಲಿನ ತಿರುಗಣೆಯಂತೆ ಒಂದೇ ದಿಕ್ಕಿನಲ್ಲಿ ತೆರೆದು ಮುಚ್ಚುವ ಕೀಲು. ಸೊಂಟದ ಕೀಲು ಹಾಗಲ್ಲ. ತೊಡೆಮೂಳೆಯ ಗುಂಡುತಲೆ ಬಟ್ಟಲಿನಂಥ ಕುಳಿಯಲ್ಲಿ ಕುಳಿತು ಎಲ್ಲ ಕಡೆಗೂ ಹೊರಳುತ್ತದೆ. ಕಾಲು ಮಡಿಸಿ ಕೂರುವಾಗ ಹೊರಮುಖವಾಗಿ ತಿರುಗಬೇಕಾದದ್ದು ಈ ಸೊಂಟದ ಕೀಲು. ಅದು ಬಿಗಿದುಕೊಂಡಿದ್ದರೆ, ತಿರುಗುವ ಹೊಣೆ ತಿರುಗಲಾರದ ಮಂಡಿಯ ಮೇಲೆ ಬೀಳುತ್ತದೆ. ನೋಯುವುದು ಮಂಡಿ, ತಪ್ಪು ಸೊಂಟದ್ದು. ಪದ್ಮಾಸನದಲ್ಲಿ ಮಂಡಿ ನೋಯುತ್ತದೆನ್ನುವವರು ಮಂಡಿಯನ್ನು ಕೈಯಿಂದ ಒತ್ತಿ ನೆಲಕ್ಕೆ ಇಳಿಸಲು ಹೋಗಬಾರದು. ಕುಳಿತುಕೊಳ್ಳುವಲ್ಲಿ ಒಂದು ಮಣೆಯನ್ನೋ ಮಡಿಸಿದ ಕಂಬಳಿಯನ್ನೋ ಇಟ್ಟು ಆಸನವನ್ನು ಎತ್ತರಿಸಿದರೆ ಸೊಂಟಕ್ಕೆ ಸಡಿಲು ಸಿಕ್ಕು ಮಂಡಿ ತಾನಾಗಿ ಇಳಿಯುತ್ತದೆ.

ಪೂಜೆಯ ಹೊತ್ತಿನಲ್ಲಿ ಮೇಲ್ಭಾಗದ ಕೆಲಸವೂ ಕಡಿಮೆಯೇನಲ್ಲ. ಎಡಗೈಯನ್ನು ಮುಂದಕ್ಕೆ ಚಾಚಿ, ಅಂಗೈಯನ್ನು ಮೇಲ್ಮುಖ ಮಾಡಿ, ಲಿಂಗವನ್ನು ದೃಷ್ಟಿಯ ನೇರಕ್ಕೆ ಹಿಡಿಯುತ್ತೇವೆ. ಅಂಗೈ ಮೇಲ್ಮುಖವಾಗುವುದು ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದರಿಂದ. ಅದನ್ನು ಹೊರಳಿಸುವುದರಲ್ಲಿ ತೋಳಿನ ಬೈಸೆಪ್ಸ್ ಸ್ನಾಯುವಿಗೆ ದೊಡ್ಡ ಪಾಲಿದೆ. ತೋಳನ್ನು ಎತ್ತಿ ನಿಲ್ಲಿಸುವುದು ಹೆಗಲ ಸ್ನಾಯು. ಇಲ್ಲಿ ಯಾವುದೂ ಚಲಿಸುವುದಿಲ್ಲ, ಆದರೂ ಎಲ್ಲವೂ ದುಡಿಯುತ್ತಿರುತ್ತವೆ. ಉದ್ದವೂ ಆಗದೆ ಗಿಡ್ಡವೂ ಆಗದೆ ಬಿಗಿಹಿಡಿದು ನಿಲ್ಲುವ ದುಡಿಮೆಯಿದು. ಹತ್ತು ನಿಮಿಷದ ದೃಷ್ಟಿಯೋಗದಲ್ಲಿ ಎಡಗೈ ನಡುಗತೊಡಗಿದರೆ ಭಕ್ತಿಯ ಕೊರತೆಯೆಂದು ನೊಂದುಕೊಳ್ಳಬೇಕಾಗಿಲ್ಲ, ಹೆಗಲು ದಣಿದಿದೆ ಅಷ್ಟೇ. ಕೈ ಇಳಿಯಿತೆಂದು ಕತ್ತು ಬಗ್ಗಿಸಿ ನೋಡುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಸುಮಾರು ಐದು ಕಿಲೋ ತೂಗುವ ತಲೆ ಮುಂದಕ್ಕೆ ಜೋತರೆ ಅದನ್ನು ಹಿಡಿದಿಡುವ ಹೊರೆಯೆಲ್ಲ ಕತ್ತಿನ ಹಿಂಬದಿಗೆ ಬೀಳುತ್ತದೆ. ಮೊಣಕೈಗೆ ತೊಡೆಯ ಮೇಲೊಂದು ದಿಂಬು ಕೊಟ್ಟರೆ ಕೈಯೂ ನಿಲ್ಲುತ್ತದೆ, ಕತ್ತೂ ನೆಟ್ಟಗಿರುತ್ತದೆ.

ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿ 2019ರ ಜನವರಿಯಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ನೂರು ದಾಟಿದ ಮೇಲೂ ಅವರ ನಿತ್ಯಪೂಜೆ ತಪ್ಪಲಿಲ್ಲ. ಅದನ್ನು ಪವಾಡವೆನ್ನುವವರಿದ್ದಾರೆ. ತಪಸ್ಸಿನ ಮಾತು ದೊಡ್ಡವರಿಗೆ ಬಿಟ್ಟದ್ದು; ನಿತ್ಯವೂ ತಪ್ಪದೆ ಮಾಡಿದ್ದನ್ನು ದೇಹ ಮರೆಯುವುದಿಲ್ಲವೆಂಬಷ್ಟನ್ನು ನಾನು ಹೇಳಬಲ್ಲೆ. ನಮ್ಮ ಮನೆಗಳಲ್ಲಾದರೋ ನೆಲವು ಒಂದೊಂದೇ ಹೆಜ್ಜೆಯಾಗಿ ದೂರವಾಯಿತು. ಈಳಿಗೆಮಣೆ ಹೋಗಿ ಚಾಕು ಬಂತು, ಒರಳು ಹೋಗಿ ಮಿಕ್ಸಿ ಬಂತು. ಕಟ್ಟೆಯ ಮೇಲೆ ಅಡುಗೆ, ಮೇಜಿನ ಮೇಲೆ ಊಟ, ಕಮೋಡಿನ ಮೇಲೆ ಶೌಚ. ಒಬ್ಬ ಗೃಹಿಣಿ ದಿನಕ್ಕೆ ಮೂವತ್ತು ಸಲ ಕುಕ್ಕರಗಾಲಲ್ಲಿ ಕೂತೇಳುತ್ತಿದ್ದ ಮನೆಯಲ್ಲಿ ಈಗ ಪೂಜೆಯೊಂದೇ ನೆಲದಲ್ಲಿ ಉಳಿದಿದೆ. ಆ ಹಳೆಯ ಅಡುಗೆಮನೆಯ ಹೊಗೆ, ದುಡಿತಗಳನ್ನು ಮರಳಿ ತನ್ನಿರೆಂದು ನಾನು ಹೇಳುತ್ತಿಲ್ಲ. ಅದನ್ನು ಹೊಗಳುವವರು ಸಾಮಾನ್ಯವಾಗಿ ಗಂಡಸರೇ.

ಬಳಸದಿದ್ದರೆ ಸ್ನಾಯು ಕರಗುತ್ತದೆ. ಮೂವತ್ತರ ನಂತರ ದಶಕಕ್ಕೆ ನೂರಕ್ಕೆ 3ರಿಂದ 8ರಷ್ಟು, ಅರವತ್ತರ ಮೇಲೆ ಇನ್ನೂ ವೇಗವಾಗಿ. ಇದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರನ್ನು 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಕೊಟ್ಟರು. ವಯಸ್ಸಾಯಿತು, ಇನ್ನೇನು ಎನ್ನುವ ಮಾತು ಇಲ್ಲಿಯೇ ಹುಟ್ಟುವುದು. ಅದಕ್ಕೆ ಉತ್ತರ 1990ರಲ್ಲೇ ಬಾಸ್ಟನ್ ನಗರದಿಂದ ಬಂದಿದೆ. ಅಲ್ಲಿನ ವೃದ್ಧಾಲಯವೊಂದರಲ್ಲಿ ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ತೊಡೆಯ ಮಾಂಸಖಂಡದ ಗಾತ್ರ ಸುಮಾರು 9ರಷ್ಟು. ಗಾತ್ರ ಇಷ್ಟು ಕಡಿಮೆ ಬೆಳೆದೂ ಬಲ ಅಷ್ಟು ಹೆಚ್ಚಿದ್ದೇಕೆ? ನರಗಳು ಮಲಗಿದ್ದ ಸ್ನಾಯುತಂತುಗಳನ್ನು ಮತ್ತೆ ಕೂಗಿ ಎಬ್ಬಿಸಲು ಕಲಿತದ್ದರಿಂದ. ಸ್ನಾಯು ಬೆಳೆಯುವ ಮೊದಲೇ ನರ ಕಲಿಯುತ್ತದೆ, ತೊಂಬತ್ತರಲ್ಲೂ ಕಲಿಯುತ್ತದೆ.

‘ಮಂಡಿ ಸವೆದಿದೆ, ಆದ್ದರಿಂದ ಅಲ್ಲಾಡಿಸುವುದಿಲ್ಲ’ ಎನ್ನುವವರಿಗೂ ಒಂದು ಮಾತು. ಮೂಳೆಯ ತುದಿಗೆ ಹೊದಿಸಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ, ಅದೇ ಅದರ ಕೀಲೆಣ್ಣೆ. ಭಾರ ಬಿದ್ದಾಗ ಹಿಂಡಿ, ಭಾರ ಸರಿದಾಗ ಹೀರಿಕೊಂಡು ಮೃದ್ವಸ್ಥಿ ಬದುಕುತ್ತದೆ. ಗಾಡಿಯ ಕೀಲೆಣ್ಣೆಯನ್ನು ಹೊರಗಿನಿಂದ ಹಾಕಬೇಕು. ಇದು ಚಲಿಸಿದರಷ್ಟೇ ಹರಡುತ್ತದೆ. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆಂಬುದು ನಿಜ. ಬಲವಾದ ತೊಡೆಯು ಆ ಏಟನ್ನು ತಾನು ತಿನ್ನುತ್ತದೆ, ಸೊರಗಿದ ತೊಡೆ ಕೀಲಿಗೆ ಬಿಟ್ಟುಕೊಡುತ್ತದೆ.

ಓದುಗರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ ಮೇಲೆ ಹೇಳಿದ ಕುರ್ಚಿಯದೇ. ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿ ಗೋಡೆಗೆ ಒರಗಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅರ್ಧ ನಿಮಿಷದಲ್ಲಿ 60ರಿಂದ 64ರ ಗಂಡಸರು 14, ಹೆಂಗಸರು 12; 70ರಿಂದ 74ರ ಗಂಡಸರು 12, ಹೆಂಗಸರು 10; 80ರಿಂದ 84ರ ಗಂಡಸರು 10, ಹೆಂಗಸರು 9 ಸಲವಾದರೂ ಏಳಬೇಕು. ಇವು ಅಮೆರಿಕದ ಹಿರಿಯರನ್ನು ಅಳೆದು ಕಂಡ ಸಂಖ್ಯೆಗಳು, ಆದ್ದರಿಂದ ಒಂದೆರಡರ ಅಂತರಕ್ಕೆ ಎದೆಗುಂದಬೇಡಿ; ಮೂರು ತಿಂಗಳ ಬಳಿಕ ನಿಮ್ಮ ಸಂಖ್ಯೆ ಏರಿತೋ ಇಳಿಯಿತೋ ಎಂಬುದೇ ದೊಡ್ಡದು. ಬ್ರೆಜಿಲ್ ದೇಶದ ಕ್ಲಾಡಿಯೋ ಅರಾಉಜೋ ಎಂಬ ವೈದ್ಯರು ಇನ್ನೊಂದು ಪರೀಕ್ಷೆ ರೂಪಿಸಿದ್ದಾರೆ. ನೆಲಕ್ಕೆ ಕೂರಲು ಐದು, ಏಳಲು ಐದು ಅಂಕ. ಕೈ, ಮಂಡಿ, ಮೊಣಕೈ ಯಾವುದನ್ನು ಊರಿದರೂ ಒಂದೊಂದು ಅಂಕ ಕಡಿತ, ಓಲಾಡಿದರೆ ಅರ್ಧ. 51ರಿಂದ 80 ವಯಸ್ಸಿನ 2002 ಮಂದಿಯನ್ನು ಪರೀಕ್ಷಿಸಿ, ಕೆಲವು ವರ್ಷ ಅನುಸರಿಸಿ, 2012ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಎಂಟಕ್ಕಿಂತ ಕಡಿಮೆ ಅಂಕದವರಲ್ಲಿ ಮರಣದ ಪ್ರಮಾಣ ಹೆಚ್ಚಿತ್ತು. ಕೈ ಊರಿದರೆ ಆಯುಸ್ಸು ಕಡಿಮೆಯೆಂದು ಇದರ ಅರ್ಥವಲ್ಲ. ಬಲ, ಬಾಗುವಿಕೆ, ಸಮತೋಲ ಮೂರೂ ಒಟ್ಟಿಗೆ ಕುಂದಿವೆಯೆಂಬ ಮುನ್ಸೂಚನೆಯಷ್ಟೇ. ಹಿರಿಯರು ಒಬ್ಬರೇ ಇರುವಾಗ ಇದನ್ನು ಪ್ರಯತ್ನಿಸಬಾರದು.

ಪರೀಕ್ಷೆಯೇ ವ್ಯಾಯಾಮವೂ ಹೌದು. ವಾರಕ್ಕೆ ಮೂರು ದಿನ ಸಾಕು. ಏಳುವಾಗ ಪಾದಗಳನ್ನು ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಎದ್ದರೆ ಸುಲಭ. ಭಾರ ಪಾದದ ಮೇಲೆ ಬರದೆ ಯಾವ ತೊಡೆಯೂ ಎತ್ತಲಾರದು. ಕೂರುವಾಗ ಮನಸ್ಸಿನಲ್ಲೇ ಷಡಕ್ಷರಿ ಒಂದಾವರ್ತಿ ಮುಗಿಯುವಷ್ಟು ನಿಧಾನ. ಒಮ್ಮೆಯೂ ಏಳಲಾಗದವರು ಕುರ್ಚಿಯ ಮೇಲೆ ಮಡಿಸಿದ ಜಮಖಾನಗಳನ್ನು ಪೇರಿಸಿ ಎತ್ತರದಿಂದ ಆರಂಭಿಸಿ, ಬಲ ಬಂದಂತೆ ಒಂದೊಂದು ಮಡಿಕೆ ತೆಗೆಯಬೇಕು. ಮೀನಖಂಡ ಬಿಗಿದು ಹಿಮ್ಮಡಿ ನೆಲ ಬಿಡುವವರು ಗೋಡೆ ಹಿಡಿದು ಕಾಲನ್ನು ಹಿಂದಕ್ಕಿಟ್ಟು ನೀಡಿಕೊಳ್ಳಲಿ. ನೆಲದಿಂದೇಳುವ ಸುರಕ್ಷಿತ ಕ್ರಮವೂ ಇದೆ: ಪಕ್ಕಕ್ಕೆ ಹೊರಳಿ, ಅಂಗೈ ಮಂಡಿಗಳ ಮೇಲೆ ಬಂದು, ಒಂದು ಪಾದವನ್ನು ಮುಂದಿಟ್ಟು, ಎದುರಿನ ಕುರ್ಚಿ ಹಿಡಿದು ಏಳುವುದು. ಕೀಲು ಕೆಂಪಾಗಿ ಊದಿದ್ದರೆ, ಎದೆನೋವು ತಲೆಸುತ್ತು ಇದ್ದರೆ, ಮಂಡಿ ಸೊಂಟಗಳಿಗೆ ಕೃತಕ ಕೀಲು ಹಾಕಿಸಿದ್ದರೆ ವೈದ್ಯರನ್ನು ಕೇಳದೆ ಯಾವುದಕ್ಕೂ ತೊಡಗಬಾರದು. ಆಹಾರದ ಮಾತೂ ಇದೆ. ಅನ್ನ ಸಾರು ತೆಳುಮಜ್ಜಿಗೆಯಲ್ಲೇ ದಿನ ಕಳೆಯುವ ನಮ್ಮ ಹಿರಿಯರ ತಟ್ಟೆಗೆ ಗಟ್ಟಿ ಬೇಳೆ, ಕಾಳು, ಮೊಸರು ಬೀಳದೆ ಸ್ನಾಯು ಬೆಳೆಯದು. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಇದು ಬೇರೆ ಲೆಕ್ಕ.

ಇನ್ನು ಅಜ್ಜಿಯ ಪ್ರಶ್ನೆ. ಕುರ್ಚಿಯಲ್ಲಿ ಕುಳಿತು ಲಿಂಗಪೂಜೆ ಸಲ್ಲುವುದೇ? ಸಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ. ಗುಡಿಯ ಸ್ಥಾವರವನ್ನು ಬಿಟ್ಟು ಲಿಂಗವನ್ನು ಅಂಗದ ಮೇಲೆ ತಂದುಕೊಂಡವರು ನಾವು. ಲಿಂಗಕ್ಕೆ ಪೀಠ ಕರಸ್ಥಲ. ಕರಸ್ಥಲದ ಕೆಳಗೆ ನೆಲವಿದೆಯೋ ಮಣೆಯಿದೆಯೋ ಕುರ್ಚಿಯಿದೆಯೋ ಎಂಬುದು ಅಂಗದ ಅನುಕೂಲದ ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ ಯೋಗವನ್ನು ಲೋಕಕ್ಕೆಲ್ಲ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಕುರ್ಚಿ, ಹಗ್ಗ, ಮರದ ಇಟ್ಟಿಗೆಗಳನ್ನು ಆಸನಕ್ಕೆ ಆಸರೆಯಾಗಿ ತಂದರಲ್ಲವೇ? ಆಸರೆ ಪಡೆದರೆ ಆಸನ ಕೆಡುತ್ತದೆಂದು ಅವರು ತಿಳಿಯಲಿಲ್ಲ. ಇದನ್ನು ಅಜ್ಜಿಗೆ ಹೇಳಿದಾಗ ಕೂಡಲೇ ಒಪ್ಪಲಿಲ್ಲ. “ನೀವು ಓದಿದೋರು, ಏನಾದ್ರೂ ಹೇಳ್ತೀರಿ” ಎಂದರು. ನಾನು ಆಮೇಲೆ, “ಅಮ್ಮಾ, ನೆಲಕ್ಕೆ ಕೂರುವವರೆಗೆ ಕುರ್ಚಿ. ಹಾಗೆಂದುಕೊಳ್ಳಿ” ಎಂದೆ. ಅದಕ್ಕೆ ಸುಮ್ಮನಾದರು.

ಕಾರ್ತಿಕದ ಕೊನೆಗೆ ಆ ಮೊಮ್ಮಗಳು ದೂರವಾಣಿಯಲ್ಲಿ ವರದಿ ಒಪ್ಪಿಸಿದಳು. ಜಮಖಾನದ ನಾಲ್ಕು ಮಡಿಕೆಗಳಲ್ಲಿ ಮೂರು ಹೋಗಿವೆ. ಕೈ ಊರದೆ ಅಜ್ಜಿ ಈಗ ಮೂರು ಸಲ ಏಳುತ್ತಾರೆ. ನೆಲಕ್ಕೆ ಕೂರುವುದು ಇನ್ನೂ ಆಗಿಲ್ಲ. ಆಗುತ್ತದೆಂದು ಅವಳೂ ಮಾತು ಕೊಡಲಿಲ್ಲ. ಬೆಳಿಗ್ಗೆ ಐದೂವರೆಗೆ ಅದೇ ಕುರ್ಚಿಯಲ್ಲಿ, ಕಾಲ ಕೆಳಗೊಂದು ಮಣೆ ಇಟ್ಟುಕೊಂಡು, ತೊಡೆಯ ಮೇಲಿನ ದಿಂಬಿಗೆ ಮೊಣಕೈ ಊರಿ ಪೂಜೆ ನಡೆಯುತ್ತಿದೆಯಂತೆ. “ತಾತಾ, ನಿಮ್ಮದೆಷ್ಟಾಯ್ತು?” ಎಂದು ಕೇಳಿದಳು. ಹದಿಮೂರು ಎಂದೆ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: “ಎಣಿಸೋರು ಯಾರು ಅಲ್ಲಿ, ಅವರೇ ತಾನೇ?”